ಒಂಬತ್ತನೇ ಲೈನಿನ ಬಿಲ್ಲೆ

"ಏಳು ನಿಮಿಷ. ಏನಮ್ಮ ತಂಗಿ, ಒಳಗೆ ಹಾಸಿಗೆ ಹಾಸ್ಕೊಂಡು ಮಲಗಿದ್ಯಾ? ನಾವೇ ಬಂದು ತಟ್ಟಿ ಎಬ್ಬಿಸ್ಬೇಕಿತ್ತಾ?"

ಕಾಲರಕ್ಕ ತಲೆ ಎತ್ತಲಿಲ್ಲ. ಸೂಜಿಯ ಕೆಳಗೆ ಕಾಲರಿನ ಮೂಲೆ ತಿರುಗುವ ಹೊತ್ತು. ಅಲ್ಲಿ ಕಣ್ಣು ತಪ್ಪಿದರೆ ಮೂಲೆ ಮೊಂಡಾಗುತ್ತದೆ, ಇಡೀ ಅಂಗಿ ವಾಪಸ್ಸು ಬರುತ್ತದೆ. ಮೂಲೆ ತಿರುಗಿಸಿ, ದಾರ ಕತ್ತರಿಸಿ, ಮುಂದಿನದನ್ನು ಎಳೆದುಕೊಳ್ಳುತ್ತಲೇ ಕೇಳಿಸಿಕೊಂಡಳು.

"ಮಾತಾಡೇ. ಏನ್ ಮಾಡ್ತಿದ್ದೆ ಅಷ್ಟೊತ್ತು? ಎಲ್ರೂ ಕೇಳಿಸ್ಕೊಳ್ಲಿ."

ಬೈಯುತ್ತಿದ್ದವನು ಸೂಪರ್‌ವೈಸರ್. ಗೋಡೆಯ ಗಡಿಯಾರ ನೋಡದೆ ಒಂದು ಮಾತೂ ಆಡದವನಾದ್ದರಿಂದ ಹೆಂಗಸರು ಬೆನ್ನ ಹಿಂದೆ ಅವನನ್ನು ಗಡಿಯಾರ ಅನ್ನುತ್ತಿದ್ದರು. ಎದುರಿಗೆ ಅಣ್ಣ ಅನ್ನಬೇಕಿತ್ತು. ಎರಡು ವರ್ಷದ ಹಿಂದೆ ಯಜಮಾನರು ಎಲ್ಲಿಗೋ ಹೋಗಿ ಏನನ್ನೋ ಕಲಿತು ಬಂದವರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಇನ್ನು ಮೇಲೆ ಇಲ್ಲಿ ಸಾರ್ ಇಲ್ಲ, ಮೇಡಂ ಇಲ್ಲ, ನಾವೆಲ್ಲ ಒಂದೇ ಮನೆಯವರು ಎಂದು ಸಾರಿದ್ದರು. ಅಂದಿನಿಂದ ಅವರು ದೊಡ್ಡಣ್ಣ. ಇನ್ನೂ ಮೂವತ್ತು ಮುಟ್ಟದ ಗಡಿಯಾರವೂ ಅಣ್ಣ. ಹೆಂಗಸರಿಗೆ ಮಾತ್ರ ತಾವು ಹೊಲಿಯುವ ಭಾಗವೇ ಹೆಸರಾಗಿ ಅಂಟಿಕೊಂಡಿತ್ತು: ತೋಳು, ಗುಂಡಿ, ಪಟ್ಟಿ, ಜೇಬು. ಹನ್ನೊಂದು ವರ್ಷದಿಂದ ಇದ್ದವಳಾದ್ದರಿಂದ ಅವಳೊಬ್ಬಳಿಗೆ ಕಾಲರಿನ ಜೊತೆ ಅಕ್ಕ ಸೇರಿತ್ತು.

ಈಗ ಬೈಸಿಕೊಳ್ಳುತ್ತಿದ್ದವಳು ಜೇಬು. ಇಪ್ಪತ್ತೆರಡರವಳು. ಕೊರಳಲ್ಲಿ ಬಿಲ್ಲೆ ನೇತಾಡುತ್ತಿತ್ತು. ಅಂಗೈಯಗಲದ ಹಳದಿ ಪ್ಲಾಸ್ಟಿಕ್ಕು, ಅದರ ಮೇಲೆ ಕಪ್ಪಗೆ ಒಂಬತ್ತು. ನಲವತ್ತು ಹೆಂಗಸರ ಲೈನಿಗೆ ಒಂದು ಬಿಲ್ಲೆ. ಅದು ಕೊಕ್ಕೆಯಲ್ಲಿದ್ದರೆ ಅಣ್ಣನನ್ನು ಕೇಳಿ ಇಸಿದುಕೊಂಡು ಒಬ್ಬಳು ಬಾತ್‌ರೂಮಿಗೆ ಹೋಗಬಹುದು, ಇಲ್ಲದಿದ್ದರೆ ತಡೆದುಕೊಂಡು ಕೂರಬೇಕು.

"ಹೊಟ್ಟೆ ಸರಿ ಇಲ್ಲ ಅಣ್ಣ."

"ಹೊಟ್ಟೆ ಸರಿ ಇಲ್ದೋಳು ಮನೇಲಿ ಬಿದ್ದಿರ್ಬೇಕು. ಇದೇನು ಧರ್ಮಛತ್ರಾನಾ? ಹೋಗು, ಹೊಲಿ."

ಅವನು ಮುಂದೆ ಹೋದ ಮೇಲೆ ತೋಳು ದಾರ ಕಚ್ಚಿಕೊಂಡೇ ಗೊಣಗಿದಳು. "ಮುಂಡೇಮಗ. ಅವ್ವನ ಹೊಟ್ಟೇಲೂ ಗಡಿಯಾರ ನೋಡ್ಕೊಂಡೇ ಕೂತಿದ್ದ ಅನ್ಸುತ್ತೆ. ಟಾರ್ಗೆಟ್ ಒಂಬತ್ ತಿಂಗಳು, ಎಂಟಕ್ಕೇ ಮುಗಿಸಿ ಬಂದಿರ್ತಾನೆ."

ಸುತ್ತಲಿನವರು ಬಾಯಿ ಮುಚ್ಚಿಕೊಂಡು ನಕ್ಕರು. ಕಾಲರಕ್ಕ ನಗಲಿಲ್ಲ. ಜೇಬಿಗೆ ಮೂರು ತಿಂಗಳು ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಆರು ತಿಂಗಳಿಗೊಮ್ಮೆ ಎಲ್ಲರ ಕೆಲಸದ ಕಾಗದ ಹೊಸದಾಗುತ್ತಿತ್ತು. ಬಸುರಿ ಎಂದು ತಿಳಿದವರ ಕಾಗದ ಆಗುತ್ತಿರಲಿಲ್ಲ. ನಿಮ್ಮ ಆರೋಗ್ಯ ಮುಖ್ಯ ತಂಗಿ ಎಂದು ಹೇಳಿ, ಗೇಟಿನ ತನಕ ಬಂದು ಕಳಿಸಿಕೊಡುತ್ತಿದ್ದರು. "ಕಾಗದಕ್ಕೆ ಸಹಿ ಬೀಳೋವರ್ಗೂ ಉಸಿರೆತ್ಬೇಡಕ್ಕ" ಎಂದು ಜೇಬು ಅವಳ ಕೈ ಹಿಡಿದುಕೊಂಡಿದ್ದಳು.

ಅದೇ ವಾರ ದೊಡ್ಡಣ್ಣ ಕಾಲರಕ್ಕನನ್ನು ಕರೆಸಿದರು.

ಗಾಜಿನ ಕೋಣೆ ತಣ್ಣಗಿತ್ತು. ದೊಡ್ಡಣ್ಣ ತಾವೇ ಎದ್ದು ಕುರ್ಚಿ ಎಳೆದು ಕೊಟ್ಟರು, ತಾವೇ ಲೋಟಕ್ಕೆ ನೀರು ಬಗ್ಗಿಸಿದರು. ಅವರು ಯಾರ ಮೇಲೂ ದನಿ ಎತ್ತಿದವರಲ್ಲ.

"ನೀನು ಇನ್ಮೇಲೆ ಒಂಬತ್ತನೇ ಲೈನಿಗೆ ಲೀಡರ್ ಅಮ್ಮ. ಲೀಡರ್ ಅಂದ್ರೆ ಯಾರು ಗೊತ್ತಾ? ಹೆತ್ತ ತಾಯಿ. ಯಾವ ಮಗು ನಿಜವಾಗ್ಲೂ ಅಳುತ್ತೆ, ಯಾವ ಮಗು ನಾಟಕ ಆಡುತ್ತೆ ಅಂತ ತಾಯಿಗೆ ಗೊತ್ತಾಗುತ್ತೆ."

ಕೊಕ್ಕೆ ತೆಗೆಸುತ್ತಾರಂತೆ. ಬಿಲ್ಲೆ ಇನ್ನು ಲೀಡರಿನ ಕೊರಳಲ್ಲೇ. ಯಾರು ಎಷ್ಟು ಸಲ ಹೋದರು, ಎಷ್ಟು ಹೊತ್ತು ಎಂದು ಅವಳು ಬರೆದಿಡಬೇಕು.

"ನಂಗೆ ಇವೆಲ್ಲ ಬರಲ್ಲ ಅಣ್ಣ. ಕಾಲರೇ ಸಾಕು."

"ಬಲವಂತ ಇಲ್ಲಮ್ಮ. ಆದ್ರೆ ಮುಂದಿನ ತಿಂಗಳು ಹೊಸ ಮಷೀನ್ ಬರ್ತಿದೆ. ಕಾಲರ್‌ನ ಅದೇ ಹೊಲಿಯುತ್ತೆ. ನಿನ್ನಂಥವಳನ್ನ ಕಳ್ಕೊಳ್ಳೋಕೆ ನಂಗೆ ಮನಸ್ಸಿಲ್ಲ." ಅವರು ನಕ್ಕರು. "ನೀರು ಕುಡಿ, ಕುಡಿ."

ಅವಳು ಲೋಟ ಮುಟ್ಟಲಿಲ್ಲ. ಲೈನಿನ ಯಾವ ಹೆಂಗಸೂ ಕೆಲಸದ ಹೊತ್ತಿನಲ್ಲಿ ನೀರು ಕುಡಿಯುತ್ತಿರಲಿಲ್ಲ.

ಮನೆಯಲ್ಲಿ ಗಂಡ ಮಲಗಿದಲ್ಲಿಂದಲೇ ಸುದ್ದಿ ಕೇಳಿ ಖುಷಿಪಟ್ಟ. ಮೂಟೆ ಹೊರುವಾಗ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಅವನಿಗೆ ಖುಷಿಪಡಲು ಅವಕಾಶಗಳು ಕಡಿಮೆ ಇದ್ದವು. "ನಮ್ಮನೇಲಿ ಲೀಡ್ರಮ್ಮ. ಇನ್ಮೇಲೆ ನಾನೂ ಕೈ ಮುಗೀಬೇಕೇನೋ."

"ಮೊದ್ಲು ಮಾತ್ರೆ ನುಂಗಿ. ಆಮೇಲೆ ಮುಗಿಯೋರಂತೆ."

ಮಗಳು ಪಾತ್ರೆ ತೊಳೆಯುತ್ತಿದ್ದವಳು ಅಮ್ಮನ ಚೀಲದಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದಳು. ಬೆಳಿಗ್ಗೆ ತುಂಬಿಸಿದ್ದು ಹಾಗೇ ಇತ್ತು. "ಅಮ್ಮಾ, ದಿನಾ ತುಂಬಿಸ್ಕೊಂಡು ಹೋಗ್ತೀಯ, ತುಂಬಿರೋದನ್ನೇ ವಾಪಸ್ ತರ್ತೀಯ. ನೀರಿಗೆ ಊರು ತೋರ್ಸೋಕೆ ಕರ್ಕೊಂಡು ಹೋಗ್ತೀಯೇನು?"

"ಹೂಂ. ಪಾಪ, ಅದೂ ಒಂದಿಷ್ಟು ನೋಡ್ಲಿ."

ಬಿಲ್ಲೆ ಕೊರಳಿಗೆ ಬಿದ್ದ ಮೂರನೇ ದಿನಕ್ಕೆ ಅವಳು ಬಿಲ್ಲೆಯಮ್ಮ ಆದಳು. ಅವಳು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಊಟದ ಹೊತ್ತಿನಲ್ಲಿ ಬೆಂಚಿನ ಮೇಲೆ ಅವಳ ಎರಡೂ ಪಕ್ಕ ಜಾಗ ಖಾಲಿ ಉಳಿಯುತ್ತಿತ್ತು. ತೋಳು ಮಾತ್ರ ಮುಖಕ್ಕೇ ಹೊಡೆಯುವಂತೆ ಕೇಳಿದಳು. "ಬಿಲ್ಲೆಯಮ್ಮನೋರೇ, ಉಚ್ಚೆ ಹೊಯ್ಯೋಕೆ ಕೈ ಎತ್ಲೋ, ಕಾಲು ಹಿಡೀಲೋ?"

ಕಾಲರಕ್ಕ ಬಿಲ್ಲೆ ಬಿಚ್ಚಿ ಕೊಟ್ಟಳು. ಹಾಳೆಯಲ್ಲಿ ಬರೆದಳು. ಬರೆಯುವಾಗ ಪೆನ್ನು ಚೆನ್ನಾಗಿಯೇ ಓಡಿತು.

ದೊಡ್ಡ ಆರ್ಡರಿನ ಕೊನೆಯ ದಿನ ಗಡಿಯಾರ ಹೇಳಿಬಿಟ್ಟ: ಮಧ್ಯಾಹ್ನದ ಬೆಲ್ಲಾಗುವ ತನಕ ಬಿಲ್ಲೆ ಯಾರಿಗೂ ಇಲ್ಲ. ಬೆಲ್ಲಿಗೆ ಇನ್ನು ಕಾಲು ಗಂಟೆ ಇರುವಾಗ ಜೇಬು ಕೂತಲ್ಲಿಂದಲೇ ತಿರುಗಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅಕ್ಕ. ಆಗ್ತಿಲ್ಲ."

ಬಿಲ್ಲೆ ಕಾಲರಕ್ಕನ ಎದೆಯ ಮೇಲೇ ಇತ್ತು. ಲೈನಿನ ತುದಿಯಲ್ಲಿ ನಿಂತಿದ್ದ ಗಡಿಯಾರ ಈ ಕಡೆಗೇ ನೋಡುತ್ತಿದ್ದ.

"ಇನ್ನು ಹತ್ತು ಪೀಸು ಕಣೇ. ಅಷ್ಟರಲ್ಲಿ ಬೆಲ್ಲಾಗುತ್ತೆ. ತಡ್ಕೋ."

ಜೇಬು ತಲೆ ತಗ್ಗಿಸಿ ಹೊಲಿಯತೊಡಗಿದಳು. ಸ್ವಲ್ಪ ಹೊತ್ತಿಗೆ ಅವಳ ಮಷೀನು ನಿಂತಿತು. ಸುತ್ತ ಅಷ್ಟೊಂದು ಮಷೀನುಗಳು ಓಡುತ್ತಿದ್ದರೂ ಸ್ಟೂಲಿನ ಕೆಳಗೆ ಸಿಮೆಂಟಿನ ಮೇಲೆ ತೊಟ್ಟಿಕ್ಕುವ ಸದ್ದು ಕಾಲರಕ್ಕನಿಗೆ ಕೇಳಿಸಿತು.

ಗಡಿಯಾರ ಬಂದ. ಮೂಗು ಮುಚ್ಚಿಕೊಂಡ. "ಥೂ, ಅಸಹ್ಯ. ದನಗಳೂ ಹೀಗೆ ಮಾಡಲ್ಲ. ಕ್ಲೀನಿಂಗ್‌ನೋರನ್ನ ಕರೀಬೇಡಿ, ಅವಳೇ ಒರಸ್ಲಿ."

ಜೇಬು ವಾಪಸ್ಸು ಬಂದ ಅಂಗಿಯೊಂದರಿಂದ ಒರೆಸಿದಳು. ಮಂಡಿಯೂರಿ, ಮೂಲೆಗಳನ್ನೂ ಬಿಡದೆ. ಕಾಲರಕ್ಕ ಬಗ್ಗಿ ಕೈ ಹಾಕಲು ಹೋದಾಗ ಅವಳ ಕೊರಳಿನ ಬಿಲ್ಲೆ ಜೋಲಾಡಿ ಜೇಬಿನ ಹಣೆಗೆ ತಗುಲಿತು. ಜೇಬು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಅವಳು ಅಳುತ್ತಿರಲಿಲ್ಲ.

"ಏಳು ಪೀಸ್ ಆಗಿತ್ತಕ್ಕ" ಎಂದಳು. "ಇನ್ನು ಮೂರೇ ಇತ್ತು."

ಆ ಮಾತು ಕಾಲರಕ್ಕನ ಜೊತೆ ಮನೆಗೆ ಬಂತು. ಅಕ್ಕಿ ತೊಳೆಯುವಾಗಲೂ ಇತ್ತು, ಗಂಡನ ಬೆನ್ನಿಗೆ ಎಣ್ಣೆ ತಿಕ್ಕುವಾಗಲೂ ಇತ್ತು.

ಮುಂದಿನ ವಾರ ಕಾರ್ಖಾನೆಗೆ ಸುಣ್ಣ ಬಳಿದರು. ಒಳ್ಳೆಯ ಆಡಳಿತಕ್ಕೆ ಪ್ರಶಸ್ತಿ ಕೊಡುವವರು ಬರುತ್ತಿದ್ದರು. ಅವರು ಬಂದುಹೋಗುವ ತನಕ ಎಲ್ಲ ಲೈನಿನ ಬಿಲ್ಲೆಗಳೂ ಬಿಸ್ಕತ್ತಿನ ಡಬ್ಬಿಯಲ್ಲಿ ಬೀರುವಿನೊಳಗೆ ಇರಬೇಕು. ಕೆಲಸದವರ ಪರವಾಗಿ ಕಾಲರಕ್ಕ ಮಾತಾಡಬೇಕು. ಎರಡೇ ಮಾತು, ದೊಡ್ಡಣ್ಣನೇ ಬರೆದುಕೊಟ್ಟಿದ್ದರು: ಇದು ಕಾರ್ಖಾನೆಯಲ್ಲ, ನಮ್ಮ ಮನೆ. ಇವರು ಯಜಮಾನರಲ್ಲ, ನಮ್ಮ ಅಣ್ಣ.

ಗಡಿಯಾರ ಅವಳಿಂದ ಆರು ಸಲ ಹೇಳಿಸಿದ. "ಇನ್ನೂ ಸ್ವಲ್ಪ ಪ್ರೀತಿ ಬರ್ಲಿ. ಹೆಣದ ಮುಂದೆ ಹೇಳೋ ಥರ ಹೇಳ್ಬೇಡ." ಬಿಲ್ಲೆಯನ್ನೂ ಹಾಳೆಯನ್ನೂ ಇಸಿದುಕೊಂಡ. ಹಾಳೆಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ. "ಜೇಬು ಸಿಕ್ಕಾಪಟ್ಟೆ ಸಲ ಹೋಗಿದಾಳಲ್ಲ. ವಿಷಯ ಏನು ಅಂತ ಊಹೆ ಮಾಡ್ಬಹುದು. ಪ್ರಶಸ್ತಿ ಮುಗೀಲಿ, ಅವಳ ಕಾಗದ ನೋಡೋಣ. ನೀಟಾಗಿ ಬರ್ದಿದೀಯ, ಶಭಾಷ್."

ಪ್ರಶಸ್ತಿಯವರು ಬರುವ ದಿನ ಬೆಳಿಗ್ಗೆ ಅಂಗಳದಲ್ಲಿ ಕುರ್ಚಿಗಳನ್ನು ಹಾಕಿದ್ದರು. ಮೈಕಿನವನು ಹಲೋ ಹಲೋ ಅನ್ನುತ್ತಿದ್ದ. ಲೀಡರುಗಳಿಗೆ ಹೊಸ ನೀಲಿ ಟೋಪಿ ಕೊಟ್ಟಿದ್ದರು. ಕಾಲರಕ್ಕ ತನ್ನದನ್ನು ನೆಟ್ಟಗೆ ಇಟ್ಟುಕೊಂಡಳು. ಕೊರಳು ಹಗುರವಾಗಿತ್ತು, ಆದರೂ ಕೈ ಎರಡು ಸಲ ಅಲ್ಲಿಗೆ ಹೋಗಿ ಬಂತು.

ಕಾರ್ಯಕ್ರಮಕ್ಕೆ ಇನ್ನು ಒಂದು ಗಂಟೆ ಇತ್ತು. ಅವಳು ಚೀಲದಿಂದ ಬಾಟಲಿ ತೆಗೆದಳು, ಮುಚ್ಚಳ ಬಿಚ್ಚಿದಳು, ನಿಧಾನವಾಗಿ, ತಳ ಕಾಣುವ ತನಕ ಕುಡಿದಳು. ಆಮೇಲೆ ಎದ್ದು ಗೋಡೆಯ ನಲ್ಲಿಯ ಹತ್ತಿರ ಹೋದಳು. ಯಾರೂ ನೀರು ಹಿಡಿಯದ ಆ ನಲ್ಲಿ ಗಟ್ಟಿಯಾಗಿತ್ತು. ಎರಡೂ ಕೈಯಿಂದ ತಿರುಗಿಸಬೇಕಾಯಿತು. ತುಂಬಿಸಿ ಅದನ್ನೂ ಕುಡಿದಳು.

ಹನ್ನೊಂದು ವರ್ಷದಿಂದ ದಿನವೂ ಕೇಳುತ್ತ ಬಂದ ಒಂದು ಮಾತಿತ್ತು, ಮೊದಲು ಸಾರ್ ಅಂತಿದ್ದುದು ಈಗ ಅಣ್ಣ ಆಗಿತ್ತು ಅಷ್ಟೆ. ತಾನೂ ಸಾವಿರ ಸಲ ಹೇಳಿದ್ದು. ಅಣ್ಣಾ, ಬಾತ್‌ರೂಮಿಗೆ ಹೋಗ್ಬೇಕು, ಬಿಲ್ಲೆ ಕೊಡಿ. ಮೈಕಿನಲ್ಲಿ ಹೇಗೆ ಕೇಳುತ್ತದೋ. ಅವಳು ಅದನ್ನು ತುಟಿಯ ಒಳಗೇ ಹೇಳಿ ನೋಡಿದಳು. ಬರೆದುಕೊಟ್ಟ ಎರಡು ಮಾತಿಗಿಂತ ಚಿಕ್ಕದು. ಅಷ್ಟು ಜನರೆದುರು ನಿಂತು ಸುಳ್ಳು ಹೇಳುವುದು ಅವಳಿಂದಾಗದು. ಆ ಹೊತ್ತಿಗೆ ಅದು ನಿಜವೇ ಆಗಿರಬೇಕು, ತಡೆಯಲಾರದಷ್ಟು ನಿಜ.

ಅಂಗಳದ ಮೂಲೆಗೆ ತಳ್ಳಿದ್ದ ಹಳೆಯ ಮಷೀನಿನ ಹಿಂದೆ ಕೂತಿದ್ದ ಜೇಬು ಅವಳನ್ನೇ ನೋಡುತ್ತಿದ್ದಳು. ತೋಳು ಕುರ್ಚಿ ಒರೆಸುತ್ತ ಬಂದವಳು ನಿಂತಳು.

"ಏನಕ್ಕಾ, ಹೊಟ್ಟೆಗೇನು ಬೆಂಕಿ ಬಿದ್ದಿದ್ಯಾ? ಎಷ್ಟು ಕುಡೀತೀಯ?"

ಬಹಳ ದಿನದ ಮೇಲೆ ಅವಳು ಅಕ್ಕ ಅಂದಿದ್ದಳು.

"ಬಾಯಾರಿಕೆ ಕಣೇ" ಎಂದು ಕಾಲರಕ್ಕ ಖಾಲಿ ಬಾಟಲಿಯನ್ನು ಮತ್ತೆ ನಲ್ಲಿಯ ಕೆಳಗೆ ಹಿಡಿದಳು.