ಲಾಕ್ ಫೈಲ್ ಅಳಿಸಿದ ಶುಕ್ರವಾರ

ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ಕಾಯಿಸಿದರೆ. ನಮ್ಮ ಹಳೆಯ ಪ್ಯಾಕೇಜ್ ಟೂಲು ಕಾಯಿಸುವುದರಲ್ಲಿ ಎತ್ತಿದ ಕೈ. ಅದಕ್ಕೊಂದು ಕಮಾಂಡ್ ಕೊಟ್ಟು, ಚಹಾ ಮಾಡಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದಿನ್ನೂ ಯಾರ್ಯಾರೋ ಬರೆದ ಕೋಡಿನ ಗಂಟುಗಳನ್ನು ಇಳಿಸಿಕೊಳ್ಳುತ್ತಲೇ ಇರುತ್ತಿತ್ತು. ಹಾಗಾಗಿ ಯೋಗ್ಯಕರ್ತಾದ ನಮ್ಮ ಪುಟ್ಟ ಆಫೀಸಿಗೆ ಯಾವ ಟೂಲು ಒಳ್ಳೆಯದು ಎಂದು ಹೋಲಿಸಿ ನೋಡುವ ಕೆಲಸ ನನ್ನ ತಲೆಗೆ ಬಿದ್ದಾಗ ನಾನೇನೂ ಬೇಡವೆನ್ನಲಿಲ್ಲ.

ಹಳೆಯದು, ನಡುವಿನದು, ಹೊಸದು, ಮೂರನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಹಳೆಯದು ನಿಧಾನ, ಆದರೆ ಅದರ ಗುಣ ಎಲ್ಲರಿಗೂ ಗೊತ್ತು. ನಡುವಿನದು ಚುರುಕು, ಆದರೆ ಅದರ ಒಂದು ಆವೃತ್ತಿಗೂ ಮುಂದಿನದಕ್ಕೂ ಸಂಬಂಧವೇ ಇಲ್ಲ. ಹೊಸದು ಒಂದೇ ಪ್ಯಾಕೇಜನ್ನು ಹತ್ತು ಕಡೆ ತುಂಬುವುದಿಲ್ಲ, ಒಂದು ಕಡೆ ಇಟ್ಟುಕೊಂಡು ಎಲ್ಲರಿಗೂ ಅಲ್ಲಿಂದಲೇ ಬಡಿಸುತ್ತದೆ. ನಮ್ಮ ಸತ್ರಿಯೋ ಈ ಹೊಸದರ ಭಕ್ತ. ಪರದೆಯ ಮೇಲೆ ಕಾಣುವ ಪುಟಗಳನ್ನು ಬರೆಯುವ ಹುಡುಗ, ಆಫೀಸಿಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ನಗುಮುಖ, ಮಾತು ಬೆಣ್ಣೆ.

ನಾವು ಮಾಡುತ್ತಿದ್ದದ್ದು ಆಟದ ಆ್ಯಪ್ ಅಲ್ಲ. ಗಂಡನ ಏಟು ತಾಳಲಾರದೆ ಓಡಿಬಂದ ಹೆಂಗಸರ ಫೋನಿನಲ್ಲಿ ಒಂದು ಗುಂಡಿ. ಒತ್ತಿದರೆ ಸಹಾಯಕ್ಕೆ ಜನ ಓಡಿಬರುತ್ತಾರೆ. ಅವರು ಅಡಗಿರುವ ಮನೆಗಳ ವಿಳಾಸಗಳು ನಮ್ಮ ಸರ್ವರಿನಲ್ಲಿ ಬೀಗದೊಳಗಿದ್ದವು. ಅದರ ಕೀಲಿ ನನ್ನ ಕಂಪ್ಯೂಟರಿನಲ್ಲೊಂದು, ಜಕಾರ್ತಾಕ್ಕೆ ಹೋಗಿದ್ದ, ಆಫೀಸು ನಡೆಸುವ ಮೇಡಂ ಕಂಪ್ಯೂಟರಿನಲ್ಲೊಂದು. ಸತ್ರಿಯೋ ಹತ್ತಿರ ಇರಲಿಲ್ಲ.

ಆ ವಿಳಾಸಗಳಲ್ಲಿ ಲಾಸ್ತ್ರಿಯದೂ ಒಂದು. ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಅವಳು ಒಮ್ಮೆ ನನ್ನ ಮುಂದೆ ಕುಳಿತಿದ್ದಳು. ಬಲಗೈ ಬೆರಳುಗಳಿಗೆ ಪಟ್ಟಿ ಕಟ್ಟಿತ್ತು, ಎಡಗೈಯಲ್ಲಿ ಒತ್ತಿದಳು. ಮಗಳು ಕಿನಾನ್ ಅಮ್ಮನ ಸೆರಗು ಬಿಡಲೇ ಇಲ್ಲ. ಸಿಕ್ಕಿದರೆ ಇಬ್ಬರನ್ನೂ ಮುಗಿಸುತ್ತೇನೆ ಎಂದು ಅವಳ ಗಂಡ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ಮನುಷ್ಯ ಬರೀ ಬಾಯಿಮಾತಿನವನಲ್ಲ ಎನ್ನುವುದಕ್ಕೆ ಅವಳ ಬೆರಳುಗಳೇ ಸಾಕ್ಷಿ.

ಅವತ್ತು ಶುಕ್ರವಾರ. ಗಂಡಸರೆಲ್ಲ ಮಸೀದಿಗೆ ಹೊರಡುವ ಹೊತ್ತು. ಸತ್ರಿಯೋ ನಮಾಜಿಗೆ ಉಡುವ ಸರೋಂಗ್ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ನಿಂತ.

"ವೆನಿಂಗ್ ಅಕ್ಕಾ, ಇದೇನು ಪಂದ್ಯ ನಿಮ್ದು? ಹಳೇದ್ರ ಲಾಕ್ ಫೈಲ್ ಇಟ್ಕೊಂಡು ಹೊಸದನ್ನ ಓಡ್ಸಿದ್ರೆ ಅದು ಮೋಸ ಅಲ್ವಾ? ಅಳಿಸ್ಬಿಡಿ. ಎಲ್ಲಾ ಮೊದ್ಲಿಂದ ತರ್ಸಿ ನೋಡಿ."

"ಬೇರೆ ಮಷೀನಲ್ಲಿ ನೋಡ್ತೀನಿ ಬಿಡೋ."

"ಆ ಡಬ್ಬಾದಲ್ಲಾ? ಅದ್ರಲ್ಲಿ ಆಮೆಗೂ ಮೊಲಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ನಿಮ್ದರಲ್ಲೇ ಓಡ್ಸಿ. ಹೆದರ್ಕೋತೀರಾ?"

ಹೆದರಿಕೆಯಂತೆ, ನನಗೆ! ಅವನು ಮೆಟ್ಟಿಲಿಳಿಯುವುದರೊಳಗೆ ಲಾಕ್ ಫೈಲನ್ನು ಅಳಿಸಿಹಾಕಿದ್ದೆ. ಯಾವ ಪ್ಯಾಕೇಜು, ಎಷ್ಟನೇ ಆವೃತ್ತಿ, ಯಾವ ಅಂಗಡಿಯಿಂದ ತರಬೇಕು ಎಂದು ಹಿಂದೆಯೇ ನೋಡಿ ಗಟ್ಟಿ ಮಾಡಿಟ್ಟ ಫೈಲು ಅದು. ನಮ್ಮ ಕಸುಬಿನವರಿಗೆ ಪಂದ್ಯವೆಂದರೆ ಮೈಮೇಲೆ ದೇವರು ಬಂದಂತೆ. ನ್ಯಾಯವಾಗಿ ಓಡಿಸಬೇಕು ಅಷ್ಟೇ.

ಹೊಸ ಟೂಲು ನಾನು ಚಹಾದ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಕೆಲಸ ಮುಗಿಸಿತ್ತು. ಭಲೇ ಅಂದೆ. ಏನೇನು ತಂದಿದೆ ಎಂದು ನೋಡುತ್ತಾ ಬಂದವಳು ಒಂದು ಸಾಲನ್ನು ಎರಡು ಸಲ ಓದಿದೆ. ವಿಳಾಸಗಳ ಬೀಗ ತೆಗೆಯುವ ಪ್ಯಾಕೇಜು ನಮ್ಮದೇ, ನಾವೇ ಬರೆದದ್ದು, ನಮ್ಮ ಸರ್ವರ್ ಬಿಟ್ಟು ಹೊರಗೆಲ್ಲೂ ಇರಬಾರದ್ದು. ಅದು ಎರಡನೇ ಆವೃತ್ತಿಯಲ್ಲಿತ್ತು. ಈಗ ಬಂದು ಕುಳಿತಿದ್ದದ್ದು ತೊಂಬತ್ತೊಂಬತ್ತನೆಯದು.

ತಪ್ಪು ಏನೆಂದು ಆಗ ಹೊಳೆಯಿತು. 'ನಮ್ಮ ಪ್ಯಾಕೇಜುಗಳನ್ನು ನಮ್ಮ ಸರ್ವರಿನಿಂದಲೇ ತಾ' ಎಂಬ ಸೂಚನೆಯನ್ನು ಹಳೆಯ ಟೂಲಿಗೆ ಮಾತ್ರ ಬರೆದಿಟ್ಟಿದ್ದೆವು. ಹೊಸದು ಅದನ್ನು ಓದುವುದೇ ಇಲ್ಲ. ಲಾಕ್ ಫೈಲೂ ಇಲ್ಲ. ಅದು ನೆಟ್ಟಗೆ ಇಂಟರ್ನೆಟ್ಟಿನಲ್ಲಿ ಊರಿನವರೆಲ್ಲ ಸರಕು ಇಡುವ ಬಯಲು ಸಂತೆಗೆ ಹೋಗಿ, ಅದೇ ಹೆಸರಿನ, ದೊಡ್ಡ ಸಂಖ್ಯೆಯ ಪ್ಯಾಕೇಜನ್ನು ಹೊತ್ತು ತಂದಿತ್ತು. ಅಲ್ಲಿ ನಮ್ಮ ಹೆಸರಿನಲ್ಲಿ ಅದನ್ನು ಇಟ್ಟವರು ಯಾರು?

ಒಳಗೆ ತೆರೆದು ನೋಡಿದೆ. ತಲೆಬುಡ ಗೊತ್ತಾಗದ ಹಾಗೆ ಕಲಸಿಟ್ಟ ಕೋಡು. ಒಂದು ಮಾತ್ರ ಸ್ಪಷ್ಟವಿತ್ತು: ಇನ್‌ಸ್ಟಾಲ್ ಆಗುವಾಗಲೇ ಅದು ಓಡಿದೆ, ನನ್ನ ಕಂಪ್ಯೂಟರಿನಿಂದ ಏನನ್ನೋ ಎತ್ತಿ ಎಲ್ಲಿಗೋ ಕಳಿಸಿದೆ. ನೆಟ್‌ವರ್ಕ್ ಕೇಬಲನ್ನು ಕಿತ್ತು ಬಿಸಾಡಿದೆ. ಬಿಸಾಡಿ ಏನು ಬಂತು? ಹೋದದ್ದು ಹೋಗಿಯಾಗಿತ್ತು. ವಿಳಾಸಗಳ ಕೀಲಿ ಇದ್ದದ್ದೂ ಅದೇ ಕಂಪ್ಯೂಟರಿನಲ್ಲಿ. ಮೇಡಂಗೆ ಫೋನ್ ಹಚ್ಚಿದರೆ ಸ್ವಿಚ್ ಆಫ್.

ಎಲ್ಲರಿಗಿಂತ ಮೊದಲು ಲಾಸ್ತ್ರಿ ಇದ್ದ ಮನೆ ನೋಡಿಕೊಳ್ಳುವ ಸುಮಿರಾ ಅಮ್ಮನಿಗೆ ಮಾಡಿದೆ.

"ಅಮ್ಮಾ, ಲಾಸ್ತ್ರೀನೂ ಮಗೂನೂ ಕರ್ಕೊಂಡು ಈಗ್ಲೇ ಹೊರಡಿ."

"ಏನಾಯ್ತೇ? ಅನ್ನಕ್ಕಿಟ್ಟಿದೀನಿ, ಬೇಯ್ತಾ ಇದೆ."

"ಬೇಯ್ಲಿ, ಸೀದು ಹೋಗ್ಲಿ! ವಿಳಾಸ ಹೊರಗೆ ಹೋಗಿರ್ಬೋದು ಅಮ್ಮಾ. ನನ್ನಿಂದ್ಲೇ."

"ನಿಮ್ಮ ಕಂಪ್ಯೂಟರಿಗಿಷ್ಟು ಬೆಂಕಿ ಹಾಕ," ಎಂದು ಬೈದು ಫೋನಿಟ್ಟರು. ಆಮೇಲೆ ತರಕಾರಿ ಗಾಡಿಯಲ್ಲಿ ಕುಳಿತು ಮತ್ತೆ ಕರೆದರು. ಮುಂಟಿಲಾನ್ ಊರಿನಲ್ಲಿರುವ ತಂಗಿ ಮನೆಗೆ ಹೊರಟಿದ್ದೇವೆ, ಮಗು ಅಳುತ್ತಿದೆ ಎಂದರು. ನಾನು ನನ್ನ ಫೋನಿನಿಂದ ಸರ್ವರಿಗೆ ಹೊಕ್ಕು ಕೀಲಿಗಳನ್ನು ಬದಲಿಸುತ್ತಾ ಕುಳಿತೆ. ಪಾಸ್‌ವರ್ಡ್ ಮತ್ತೆ ಮತ್ತೆ ತಪ್ಪುತ್ತಿತ್ತು.

ಮಸೀದಿ ಬಿಟ್ಟು ಬಹಳ ಹೊತ್ತಾದ ಮೇಲೆ ಸತ್ರಿಯೋ ಬಂದ. ಕೈಯಲ್ಲಿ ಕರಿದ ಬಾಳೆಹಣ್ಣಿನ ಪೊಟ್ಟಣ. ನನ್ನ ಮುಖ ನೋಡಿ ನಿಂತ. ಎಲ್ಲವನ್ನೂ ಅವನ ಮೇಲೆ ಕಾರಿಕೊಂಡೆ. ಕೇಳಿದವನು ಹಣೆ ಚಚ್ಚಿಕೊಂಡು ನಗತೊಡಗಿದ.

"ಅಯ್ಯೋ ಅಕ್ಕಾ, ಅದು ನಂದೇ!"

"ಏನು?"

"ನಾನೇ ಇಟ್ಟಿದ್ದು. ನಮ್ಮ ಹೆಸ್ರನ್ನ ಯಾವನಾದ್ರೂ ಕಳ್ಳ ಹಿಡ್ಕೊಂಡ್ರೆ ಅಂತ ಮೊದ್ಲೇ ಹಿಡ್ದಿಟ್ಟೆ. ಎಲ್ಲಾ ಕಡೆ ಹೀಗೇ ಮಾಡ್ತಾರೆ. ಯಾವ ಮಷೀನು ಅದನ್ನ ತಗೊಳ್ತು ಅಂತ ಮಾತ್ರ ನಂಗೆ ತಿಳಿಸುತ್ತೆ, ಅಷ್ಟೇ. ನಿಮ್ಗೆ ಹೇಳೋಕೆ ಮರ್ತೆ."

ಹೋದ ಜೀವ ಬಂದ ಹಾಗಾಯಿತು. ಹಾಗೆ ಮಾಡುವುದು ನಿಜವೇ, ಬುದ್ಧಿವಂತರ ಕೆಲಸವೇ. ಕುರ್ಚಿಗೆ ಕುಸಿದು ಅವನಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಕತ್ತೆ, ಮಂಗ, ಹೇಳೋಕೇನಾಗಿತ್ತೋ ರೋಗ ನಿನಗೆ! ಬೈಯುತ್ತಲೇ ಅವನ ಪೊಟ್ಟಣದಿಂದ ಬಾಳೆಹಣ್ಣು ತಿಂದೆ. ಆ ಮುದುಕಮ್ಮನನ್ನು ಬೇಯುವ ಅನ್ನ ಬಿಡಿಸಿ ಓಡಿಸಿದೆನಲ್ಲ ಎಂದು ನಾಚಿಕೆಯಾಯಿತು.

"ಮನೆ ಖಾಲಿ ಮಾಡಿಸ್ಬಿಟ್ರಾ?" ಎಂದ ಅವನು. ನಗು ಸ್ವಲ್ಪ ಕಡಿಮೆಯಾಗಿತ್ತು.

ಅಷ್ಟರಲ್ಲಿ ಫೋನು. ಸುಮಿರಾ ಅಮ್ಮ. ಪಿಸುಗುಡುತ್ತಿದ್ದರು.

"ವೆನಿಂಗ್, ಪಕ್ಕದ್ಮನೆಯವ್ಳು ಈಗ ಫೋನ್ ಮಾಡಿದ್ಳು. ನಾವು ಹೊರಟ ಹಿಂದೇನೇ ಒಬ್ಬ ಬಂದ್ನಂತೆ. ಹಸಿರು ಗೇಟು ಒದ್ದು 'ಲಾಸ್ತ್ರೀ ಹೊರಗೆ ಬಾ' ಅಂತ ಕೂಗಿದ್ನಂತೆ. ಸೊಂಟದಲ್ಲಿ ಮಚ್ಚು ಇತ್ತಂತೆ ಕಣೇ. ಮಸೀದಿಯಿಂದ ಬರ್ತಿದ್ದ ಗಂಡಸ್ರು ಸೇರ್ಕೊಂಡ್ಮೇಲೆ ಗಾಡಿ ಹತ್ಕೊಂಡು ಓಡಿಹೋದ್ನಂತೆ. ಆ ಗಲ್ಲೀಲಿ ಅವ್ಳನ್ನ ಎಲ್ರೂ ವತಿ ಅಂತ್ಲೇ ಕರೆಯೋದು. ಲಾಸ್ತ್ರಿ ಅನ್ನೋ ಹೆಸ್ರು ಅಲ್ಲಿ ಯಾರಿಗೆ ಗೊತ್ತೇ?"

ಯಾರಿಗೂ ಗೊತ್ತಿಲ್ಲ. ಆ ಹೆಸರೂ ಆ ಗೇಟೂ ಒಟ್ಟಿಗೆ ಇದ್ದದ್ದು ಲೋಕದಲ್ಲಿ ಒಂದೇ ಕಡೆ, ನಮ್ಮ ಸರ್ವರಿನಲ್ಲಿ. ಅದರ ಬೀಗ ನನ್ನ ಕಂಪ್ಯೂಟರಿನಿಂದ ತೆರೆದಿತ್ತು. ತೆರೆದದ್ದು ಯಾರ ಕೈಗೆ ಹೋಗಿತ್ತೋ ಅವನು ನನ್ನೆದುರು ಕುಳಿತು ಬೆರಳು ನೆಕ್ಕುತ್ತಿದ್ದ.

"ಸರಿ ಅಮ್ಮಾ, ಊಟ ಮಾಡಿ," ಎಂದೆ. ಫೋನಿಟ್ಟೆ.

"ಏನಂತೆ ಅಕ್ಕಾ?"

"ತಲುಪಿದ್ರಂತೆ."

"ಪಾಪ, ಸುಮ್ನೆ ಓಡಾಟ. ಎಲ್ಲಿಗೆ ಹೋದ್ರು?"

ಸಹಜವಾಗಿ ಕೇಳಿದ, ಮಳೆ ಬರುತ್ತದಾ ಎಂದು ಕೇಳುವ ಹಾಗೆ. ಅವನ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ.

"ಸೋಲೋ ಊರಿಗೆ," ಎಂದೆ. "ಸ್ಟೇಷನ್ ಹಿಂದಿನ ಬೀದಿ. ಯಾರೋ ನೆಂಟರ ಮನೆ."

"ಹೌದಾ. ಕೈ ಎಣ್ಣೆ ಆಗಿದೆ, ತೊಳ್ಕೊಂಡ್ಬರ್ತೀನಿ," ಎಂದು ಫೋನ್ ತೆಗೆದುಕೊಂಡು ಕೆಳಗಿಳಿದ. ನಮ್ಮ ನಲ್ಲಿ ಇರುವುದು ಮೇಲೆ, ನನ್ನ ಬೆನ್ನ ಹಿಂದೆ.

ಎದ್ದು ಬಾಗಿಲಿನ ಚಿಲಕ ಹಾಕಿದೆ. ಪೊಲೀಸರ ನಂಬರ್ ಒತ್ತಿ ಕಿವಿಗಿಟ್ಟುಕೊಂಡೆ. ಅಲ್ಲಿ ರಿಂಗಾಗುತ್ತಲೇ ಇತ್ತು. ಕೆಳಗಿನ ಅಂಗಳದಿಂದ ಅವನ ದನಿ ಕಿಟಕಿಯೊಳಗೆ ಬಂತು, ತಗ್ಗಿಸಿದ್ದರೂ ಸ್ಪಷ್ಟವಾಗಿ.

"ಅಣ್ಣಾ, ಸೋಲೋ ಕಡೆ ಹೊರಡು. ಸ್ಟೇಷನ್ ಹಿಂದೆ. ಇಲ್ಲ ಇಲ್ಲ, ಇವ್ಳಿಗೇನೂ ಗೊತ್ತಾಗಿಲ್ಲ."

ಆಮೇಲೆ ಮೆಟ್ಟಿಲು ಹತ್ತುವ ಸದ್ದು. ಬಾಗಿಲ ಹಿಡಿ ಒಮ್ಮೆ ತಿರುಗಿ ನಿಂತಿತು.

"ಅಕ್ಕಾ," ಎಂದ ಹೊರಗಿನಿಂದ, ಅದೇ ಬೆಣ್ಣೆ ದನಿಯಲ್ಲಿ. "ಬಾಗ್ಲು ಯಾಕೆ ಹಾಕ್ಕೊಂಡ್ರಿ?"