ಜೆರಾಲ್ಡ್‌ನ ವಿಮೆ ಯಾರ ಹೆಸರಿಗೆ

ಮೊಲಕ್ಕೆ ಆರೋಗ್ಯ ವಿಮೆ ಮಾಡಿಸಬೇಕು ಎಂದು ಕ್ಲೈವ್ ಸಗ್ಡೆನ್ ಹೇಳಿದ್ದು ಭಾನುವಾರದ ಊಟಕ್ಕೆ ಕೂತಾಗ. ಅವನ ಹೆಂಡತಿ ಬೆವರ್ಲಿ ಗ್ರೇವಿಯ ಜಗ್ಗು ಕೆಳಗಿಟ್ಟು ಅವನ ಮುಖ ನೋಡಿದಳು. ತಮಾಷೆಯಲ್ಲ ಎಂದು ಗೊತ್ತಾಯಿತು. ತಮಾಷೆ ಮಾಡುವಾಗ ಕ್ಲೈವ್ ಮೊದಲು ತಾನೇ ನಕ್ಕುಬಿಡುತ್ತಾನೆ.

ಇಂಗ್ಲೆಂಡಿನ ಕೀಥ್ಲಿ ಊರಿನ ಗುಡ್ಡದ ರಸ್ತೆಗಳಲ್ಲಿ ಆಯಸ್ಸೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ ಇವನು. ಒಂದೇ ಟೀ ಚೀಲವನ್ನು ಎರಡು ಸಲ ಅದ್ದುವವನು. ಹಲ್ಲು ನೋವು ಬಂದರೆ ಲವಂಗ ಕಚ್ಚಿಕೊಂಡು ಕೂರುವವನು. ಡಾಕ್ಟರ ಬಾಗಿಲು ತುಳಿದು ಎಷ್ಟು ಕಾಲವಾಯಿತೆಂದರೆ, ಇವನನ್ನು ಕಡೆಯದಾಗಿ ನೋಡಿದ ಡಾಕ್ಟರು ಸತ್ತು ಮಣ್ಣಾಗಿದ್ದಾರೆ. ಅಂಥವನಿಗೆ ಈಗ ಮೊಲದ ಆರೋಗ್ಯದ ಚಿಂತೆ.

ಮೊಲವಾದರೂ ಎಂಥದ್ದು? ಕಾಸು ಕೊಟ್ಟು ತಂದದ್ದಲ್ಲ. ಊರಂಚಿನಲ್ಲಿ ಕ್ಲೈವ್ ಬಾಡಿಗೆಗೆ ಹಿಡಿದಿದ್ದ ಕೈತೋಟದಲ್ಲಿ ಲೆಟಿಸ್ ಸೊಪ್ಪು ಮೇಯುತ್ತ ಸಿಕ್ಕಿಬಿದ್ದ ಕಳ್ಳ. ನಮ್ಮದು ಎಂದು ಯಾರೂ ಬರಲಿಲ್ಲ. ಕಳ್ಳನನ್ನು ಹಿಡಿದ ಯಜಮಾನ ಅವನನ್ನು ಮನೆಗೆ ತಂದು ಸೋಫಾದ ಮೇಲೆ ಕೂರಿಸಿದ, ಬಸ್ ಡಿಪೋದ ಹಳೇ ಮ್ಯಾನೇಜರನ ಹೆಸರಿಟ್ಟ: ಜೆರಾಲ್ಡ್. ಇಬ್ಬರೂ ಇಡೀ ದಿನ ಕೂತಲ್ಲೇ ಕೂತು ಬಾಯಾಡಿಸುತ್ತಾರೆ, ಏನಾದರೂ ಕೇಳಿದರೆ ಕಾಲು ಅಪ್ಪಳಿಸುತ್ತಾರೆ ಎನ್ನುವುದು ಕ್ಲೈವ್ ಕೊಡುತ್ತಿದ್ದ ಕಾರಣ.

“ಪುಕ್ಕಟೆ ಸಿಕ್ಕಿದ ಮೊಲಕ್ಕೆ ವಿಮೆ,” ಅಂದಳು ಬೆವರ್ಲಿ. “ಆಮೇಲೇನು, ಪಿಂಚಣಿನಾ?”

“ನಗ್ಬೇಡ ಕಣೇ. ಪಕ್ಕದ್ಮನೆ ಮ್ಯಾಕ್ಸೀನ್ ನಾಯಿಗೆ ಮಾಡ್ಸಿದ್ದಾಳೆ.”

“ಮ್ಯಾಕ್ಸೀನ್ ನಾಯಿಗೆ ಮಳೆಕೋಟೂ ಹಾಕಿದ್ದಾಳೆ. ನೀನೂ ಒಂದು ಹೊಲ್ಸು.”

ಮ್ಯಾಕ್ಸೀನಳ ನಾಯಿಯ ಮಂಡಿಗೆ ಆಪರೇಷನ್ ಆಗಿ, ಅದರ ಖರ್ಚನ್ನೆಲ್ಲ ವಿಮೆಯವರು ಕೊಟ್ಟಮೇಲೆ ಆ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ. ನಾಯಿ ಈಗಲೂ ಕುಂಟುತ್ತದೆ. ಆದರೆ ಅದು ವಿಮೆ ಇರುವ ಕುಂಟು, ಅದರ ಗತ್ತೇ ಬೇರೆ.

ಬೆವರ್ಲಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ನೂರಾರು ಮಕ್ಕಳ ಸುಳ್ಳು ಹೊಟ್ಟೆನೋವುಗಳನ್ನು ಕಂಡವಳಾದ್ದರಿಂದ ಯಾವುದನ್ನೂ ಸುಲಭಕ್ಕೆ ನಂಬುವುದಿಲ್ಲ. ವಿಮೆಯ ನಿಯಮಗಳನ್ನು ಫೋನಿನಲ್ಲಿ ಹುಡುಕಿ ಓದತೊಡಗಿದಳು.

“ಕೇಳು. ಇದಕ್ಕೆ ಒಂದ್ಸಲ ಉದ್ದ ಬೆಳೆದ ಹಲ್ಲು ಕತ್ತರಿಸಿದ್ದೀವಲ್ಲ, ಹಾಗಾಗಿ ಹಲ್ಲಿನ ಕಾಯಿಲೆಗೆ ಕೊಡಲ್ಲ. ಹಲ್ಲಿಂದ ಹೊಟ್ಟೆ ಕೆಟ್ರೆ ಅದಕ್ಕೂ ಕೊಡಲ್ಲ. ಮೊಲಕ್ಕೆ ಬರೋದೇ ಈ ಎರಡು. ಅಂದ್ರೆ ಜೆರಾಲ್ಡ್‌ಗೆ ಮಲೇರಿಯಾ ಬಂದ್ರೆ ಮಾತ್ರ ದುಡ್ಡು!”

“ಬಂದ್ರೂ ಬರ್ಬೋದು. ಪಬ್ಬಲ್ಲಿ ವಾರಕ್ಕೊಂದು ಬಿಯರ್ ಬಿಡ್ತೀನಿ, ಅದ್ರಲ್ಲೇ ಕಟ್ಟೋಣ.”

ಬೆವರ್ಲಿಗೆ ಆಗ ನಿಜಕ್ಕೂ ಅನುಮಾನ ಬಂದಿತು. ಮದುವೆಯ ಖರ್ಚಿಗೂ ಬಿಯರ್ ಬಿಡದಿದ್ದ ಗಂಡು ಇದು.

“ಇನ್ನೊಂದು ವಿಷ್ಯ,” ಅಂದ ಕ್ಲೈವ್. “ನಿನ್ನ ಹೆಸರಲ್ಲಿ ಮಾಡ್ಸೋಣ.”

“ನನ್ನ ಹೆಸರಲ್ಲಿ ಯಾಕೆ? ಮೊಲ ನಿಂದು, ಹುಚ್ಚೂ ನಿಂದು.”

“ಫೋನಲ್ಲಿ ನೀನು ಚೆನ್ನಾಗಿ ಮಾತಾಡ್ತೀಯ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಕ್ಲೈವ್. ಈ ಸಲವಂತೂ ಮೊಲವನ್ನು ನಿಜವಾಗಿಯೇ ಹಿಡಿದು ತಂದಿದ್ದ. ಆಗುವುದಿಲ್ಲ ಎಂದು ಬೆವರ್ಲಿ ಕಡ್ಡಿ ಮುರಿದಂತೆ ಹೇಳಿದಳು. ಅವತ್ತು ಅವನು ತಟ್ಟೆಯಲ್ಲಿ ಯಾರ್ಕ್‌ಶೈರ್ ಪುಡಿಂಗನ್ನು ಅರ್ಧಕ್ಕೇ ಬಿಟ್ಟು ಎದ್ದ. ಗ್ರೇವಿಯಲ್ಲಿ ನೆಂದ ಆ ಉಬ್ಬು ರೊಟ್ಟಿಯಂಥ ಪುಡಿಂಗಿಗಾಗಿ ತಮ್ಮನೊಡನೆ ಹೊಡೆದಾಡಿ ಬೆಳೆದವನು ಅವನು. ಓಹೋ, ಉಪವಾಸ ಸತ್ಯಾಗ್ರಹ ಶುರು ಎಂದುಕೊಂಡು ಬೆವರ್ಲಿ ತಟ್ಟೆ ತೊಳೆದಳು.

ಸತ್ಯಾಗ್ರಹ ಮುಂದುವರಿಯಿತು. ಬುಧವಾರದ ಹಂದಿಮಾಂಸದ ಪೈ ಉಳಿಯಿತು, ಶುಕ್ರವಾರದ ಮೀನೂ ಉಳಿಯಿತು. ಸಂಜೆಯಾದರೆ ಹಿತ್ತಲ ಶೆಡ್ಡಿಗೆ ಹೋಗಿ ಜೆರಾಲ್ಡ್‌ನ ಜೊತೆ ಒಬ್ಬನೇ ಕೂರುತ್ತಿದ್ದ. ಮಾತಾಡಿಸಿದರೆ “ಏನಿಲ್ಲ” ಅನ್ನುತ್ತಿದ್ದ. ಕೊನೆಗೆ ಬೆವರ್ಲಿ ಒಂದು ಉಪಾಯ ಮಾಡಿದಳು. ಮೊಲವನ್ನು ಪಶುವೈದ್ಯರ ಹತ್ತಿರ ಒಯ್ಯುವುದು. ಇದಕ್ಕೆ ವಿಮೆ ಗಿಮೆ ಬೇಡ ಎಂದು ಅವರ ಬಾಯಿಂದಲೇ ಹೇಳಿಸುವುದು.

ಮರುದಿನಕ್ಕೇ ಹೊತ್ತು ಗೊತ್ತಾಯಿತು. ಮನುಷ್ಯನಾಗಿದ್ದರೆ ವಾರಗಟ್ಟಲೆ ಕಾಯಬೇಕಿತ್ತು, ಮೊಲವಾದ್ದರಿಂದ ಬಚಾವು. ಗುಡ್ಡದ ಕೆಳಗಿನ ಚಿಕಿತ್ಸಾಲಯದಲ್ಲಿ ಬೆಕ್ಕು ನಾಯಿಗಳ ನಡುವೆ ಮೊಲದ ಪೆಟ್ಟಿಗೆ ಹಿಡಿದು ಕೂತಿದ್ದಾಗ “ಜೆರಾಲ್ಡ್ ಸಗ್ಡೆನ್!” ಎಂದು ಕೂಗಿದರು. ಕ್ಲೈವ್ ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದ. ಸಗ್ಡೆನ್ ವಂಶದ ಹೆಸರನ್ನು ವೈದ್ಯರೊಬ್ಬರು ಕರೆದು ಎಷ್ಟೋ ಕಾಲವಾಗಿತ್ತು.

ವೈದ್ಯೆ ಹುಮೈರಾ ಇನ್ನೂ ಚಿಕ್ಕ ವಯಸ್ಸಿನವಳು. ಮೊಲದ ಹೊಟ್ಟೆ ಒತ್ತಿ, ಹಲ್ಲು ನೋಡಿ, ಗಟ್ಟಿಮುಟ್ಟಾಗಿದ್ದಾನೆ ಎಂದಳು.

“ಹಂಗಾದ್ರೆ ವಿಮೆ ದಂಡ, ಅಲ್ವಾ?” ಬೆವರ್ಲಿ ಗಂಡನ ಕಡೆ ತಿರುಗಿ ಕೇಳಿದಳು.

“ಅದು ನಿಮಗೆ ಬಿಟ್ಟಿದ್ದು. ಆದ್ರೆ ಒಂದ್ಮಾತು ಹೇಳ್ತೀನಿ. ಮೊಲ ತನ್ನ ಕಾಯಿಲೆ ತೋರಿಸ್ಕೊಳ್ಳಲ್ಲ. ಕಾಡಲ್ಲಿ ಸೋತಂಗೆ ಕಂಡ್ರೆ ನರಿ ಬರುತ್ತೆ, ಅದಕ್ಕೇ ಮುಚ್ಚಿಡುತ್ತೆ. ನೋಡೋಕೆ ಚೆನ್ನಾಗೇ ಇರುತ್ತೆ. ನಾವೇ ಕಣ್ಣಿಟ್ಟಿರ್ಬೇಕು.”

“ಏನು ನೋಡ್ಬೇಕು?”

“ಇಷ್ಟದ ತಿಂಡಿ ಅರ್ಧಕ್ಕೆ ಬಿಡುತ್ತೆ. ಒಂಟಿಯಾಗಿ ಮೂಲೆ ಸೇರುತ್ತೆ. ದಿನಾ ಹತ್ತೋ ಜಾಗ ಹತ್ತೋಕೆ ಆಗ್ದೆ ನಡುವೆ ನಿಂತ್ಬಿಡುತ್ತೆ. ಇಂಥದ್ದು ಕಂಡ್ರೆ ನಾಳೆ ಅನ್ನಬೇಡಿ, ಅವತ್ತೇ ಕರ್ಕೊಂಡು ಬನ್ನಿ. ನಾಳೆ ಅಂದೋರು ಬರೀ ಪೆಟ್ಟಿಗೆ ತಗೊಂಡು ಮನೆಗೆ ಹೋಗಿದ್ದನ್ನ ನೋಡಿದ್ದೀನಿ.”

ಬೆವರ್ಲಿಯ ನಾಲಿಗೆಯ ತುದಿಯಲ್ಲಿ ಒಂದು ಕೊಂಕು ಸಿದ್ಧವಾಗಿತ್ತು. ಅದು ಅಲ್ಲೇ ಉಳಿಯಿತು. ಕ್ಲೈವ್ ಮೊಲದ ಕಿವಿ ಸವರುತ್ತ, “ಸಾಕಿದೋರು ಬದಲಾದ್ರೆ ಹೊಂದ್ಕೊತಾನಾ?” ಎಂದು ಕೇಳುತ್ತಿದ್ದ.

ಇಬ್ಬರೂ ಮನೆಯ ಕಡೆ ಗುಡ್ಡ ಹತ್ತಿದರು. ಅರ್ಧ ದಾರಿಯಲ್ಲಿ ಕ್ಲೈವ್ ಪೆಟ್ಟಿಗೆಯನ್ನು ಗೋಡೆಯ ಮೇಲಿಟ್ಟು ನಿಂತ. ಈಚೆಗೆ ದಿನಾ ಅಲ್ಲೇ ನಿಲ್ಲುತ್ತಿದ್ದ.

“ನೋಟ ಚೆನ್ನಾಗಿದೆ,” ಅಂದ.

“ಯಾವ ನೋಟ? ಅದು ಕಾರ್ಪೆಟ್ ಗೋದಾಮು.”

“ಹೊಸ ಬಣ್ಣ ಹೊಡ್ದಿದ್ದಾರೆ.”

ಚಳಿಯಲ್ಲೂ ಅವನ ಹಣೆಯ ಮೇಲೆ ಬೆವರಿತ್ತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೆವರ್ಲಿ ಅವನ ಎದುರು ಬಂದು ನಿಂತಳು.

“ವಿಮೆ ನನ್ನ ಹೆಸರಲ್ಲಿ ಯಾಕೆ ಅಂದೆ?”

ಕ್ಲೈವ್ ಎದೆ ನೀವಿಕೊಳ್ಳುತ್ತ ಗೋದಾಮನ್ನೇ ನೋಡುತ್ತಿದ್ದ.

“ಕ್ಲೈವ್, ನಿನ್ನನ್ನೇ ಕೇಳ್ತಿರೋದು.”

“ಮಾಡಿಸ್ದೋರು ಹೋದ್ರೆ ವಿಮೆನೂ ಹೋಗುತ್ತಂತೆ ಕಣೇ. ಕೇಳಿ ತಿಳ್ಕೊಂಡೆ. ನಿನ್ನ ಹೆಸರಲ್ಲಿದ್ರೆ... ಖರ್ಚಿಗೆ ಹೆದರಿ ನೀನು ಇವನಿಗೆ ಸೂಜಿ ಚುಚ್ಸಿ ಸಾಯ್ಸಲ್ಲ ಅಂತ.”

“ಎಷ್ಟು ದಿನದಿಂದ ನೋವು?”

“ಬೇಸಿಗೆಯಿಂದ. ಗ್ಯಾಸೇ ಇರ್ಬೇಕು.”

“ಬಾಯಿ ಬಿಟ್ಟು ಹೇಳೋಕೇನು ಧಾಡಿ ನಿಂಗೆ?”

“ಸುಮ್ನೆ ಗಲಾಟೆ ಯಾಕೆ ಅಂತ.”

ಅವನನ್ನು ಅಲ್ಲೇ ಗುಡ್ಡದಿಂದ ಕೆಳಕ್ಕೆ ತಳ್ಳಿಬಿಡುವಷ್ಟು ಸಿಟ್ಟು ಬಂತು ಬೆವರ್ಲಿಗೆ. ಮರುಗಳಿಗೆಯಲ್ಲೇ ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಈ ಮನುಷ್ಯ ತಾನು ಸಾಯುವುದಕ್ಕೆ ಅಚ್ಚುಕಟ್ಟಾಗಿ ತಯಾರಾಗಿದ್ದ, ಮೊಲದ ವ್ಯವಸ್ಥೆಯನ್ನೂ ಮಾಡುತ್ತಿದ್ದ. ತಾನು ಮಾತ್ರ ತಟ್ಟೆ ತೊಳೆಯುತ್ತ ಅಣಕಿಸಿಕೊಂಡಿದ್ದೆ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಆಂಬ್ಯುಲೆನ್ಸ್ ಕರೆಯಲು ಕ್ಲೈವ್ ಬಿಡಲಿಲ್ಲ. ಅದು ನಿಜವಾಗಿ ಕಾಯಿಲೆ ಇರುವವರಿಗಂತೆ. ಬೆವರ್ಲಿ ಜನ್ಮದಲ್ಲಿ ಮೊದಲ ಸಲ ಮ್ಯಾಕ್ಸೀನಳಿಗೆ ಫೋನ್ ಮಾಡಿ ಉಪಕಾರ ಕೇಳಿದಳು. ಮ್ಯಾಕ್ಸೀನ್ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಕಾರು ತಂದಳು. ಹಿಂದಿನ ಸೀಟಿನಲ್ಲಿ ಕ್ಲೈವ್, ಅವನ ತೊಡೆಯ ಮೇಲೆ ಜೆರಾಲ್ಡ್, ಪಕ್ಕದಲ್ಲಿ ಮಳೆಕೋಟಿನ ನಾಯಿ. ಮೂವರಲ್ಲಿ ವಿಮೆ ಇದ್ದದ್ದು ನಾಯಿಗೆ ಮಾತ್ರ.

ದೊಡ್ಡಾಸ್ಪತ್ರೆಯ ತುರ್ತು ವಿಭಾಗದಲ್ಲಿ ಜನ ಕಿಕ್ಕಿರಿದಿದ್ದರು. ಮೊಲವನ್ನು ಮ್ಯಾಕ್ಸೀನಳ ಕೈಗೆ ಕೊಟ್ಟು ಕ್ಲೈವ್ ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಹಿಂದೆ ಬಂದವನೊಬ್ಬನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದನ್ನು ಕಂಡು “ನೀವು ಮುಂದೆ ಹೋಗಿ” ಎಂದು ಅವನಿಗೆ ಜಾಗವನ್ನೂ ಬಿಟ್ಟ. ಬೆವರ್ಲಿ ಅವನನ್ನು ಎಳೆದುಕೊಂಡು ನೇರ ನರ್ಸಮ್ಮನ ಮುಂದೆ ನಿಲ್ಲಿಸಿದಳು. ಹುಟ್ಟಿದಾಗಿನಿಂದ ಅವಳು ಸಾಲು ಮುರಿದವಳಲ್ಲ. ಹಿಂದಿನವರೆಲ್ಲ ಗಂಟಲು ಸರಿಮಾಡಿಕೊಂಡರು. ಆ ಊರಿನಲ್ಲಿ ಅದು ಕೊಲೆ ಬೆದರಿಕೆಗೆ ಸಮ.

“ಏನಾಗ್ತಿದೆ ಚಿನ್ನ?” ಎಂದಳು ನರ್ಸಮ್ಮ.

“ಪರವಾಗಿಲ್ಲಮ್ಮ,” ಅಂದ ಕ್ಲೈವ್, ಗೋಡೆ ಹಿಡಿದುಕೊಂಡು. “ದೂರೋ ಅಂಥದ್ದೇನಿಲ್ಲ. ನಿಮಗೇ ಪಾಪ ಕೈತುಂಬ ಕೆಲ್ಸ. ಇನ್ನೊಂದಿನ ಬರ್ತೀವಿ.”

“ಇವನ ಮಾತು ಕೇಳ್ಬೇಡಿ,” ಅಂದಳು ಬೆವರ್ಲಿ. “ಇವನು ಮೊಲ. ಊಟ ಅರ್ಧಕ್ಕೆ ಬಿಡ್ತಾನೆ. ಮೂಲೆ ಸೇರ್ತಾನೆ. ದಿನಾ ಹತ್ತೋ ಗುಡ್ಡದಲ್ಲಿ ನಡುವೆ ನಿಂತ್ಬಿಡ್ತಾನೆ. ಬೇಸಿಗೆಯಿಂದ ಎದೆನೋವು ಮುಚ್ಚಿಟ್ಟಿದ್ದಾನೆ.”

ನರ್ಸಮ್ಮ ನಗಲಿಲ್ಲ. ಕ್ಲೈವ್‌ನ ಮುಖ ನೋಡಿದವಳೇ ಗಾಲಿಕುರ್ಚಿ ತರಿಸಿದಳು. ಬಾಗಿಲು ಮುಚ್ಚುವತನಕ ಕ್ಲೈವ್ ಎಲ್ಲರಿಗೂ ಕ್ಷಮೆ ಕೇಳುತ್ತಲೇ ಇದ್ದ.

ಹೃದಯದ ಎರಡು ನಾಳಗಳು ಮುಚ್ಚಿಹೋಗುವುದರಲ್ಲಿದ್ದವು. ಸ್ಟೆಂಟ್ ಹಾಕಿ ಬಿಡಿಸಿದರು. ಇನ್ನು ಒಂದು ವಾರ ಗುಡ್ಡ ಹತ್ತಿದ್ದರೆ ಸ್ಟೆಂಟಿನ ಮಾತೇ ಇರುತ್ತಿರಲಿಲ್ಲ ಎಂದರು ಡಾಕ್ಟರು. ಕ್ಲೈವ್ ಅವರ ಅಮೂಲ್ಯ ಸಮಯ ಹಾಳುಮಾಡಿದ್ದಕ್ಕೆ ಅವರಲ್ಲೂ ಕ್ಷಮೆ ಕೇಳಿದ.

ಅವನು ದಿಂಬಿಗೊರಗಿ ಕೂರುವಂತಾದ ದಿನ ಬೆವರ್ಲಿ ಹಾಸಿಗೆಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ವಿಮೆಯವರಿಗೆ ಫೋನ್ ಮಾಡಿದಳು. ಅವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

“ಮುಂಚಿನಿಂದ ಏನಾದ್ರೂ ಕಾಯಿಲೆ ಇದೆಯಾ ಮೇಡಂ?” ಆ ಕಡೆಯ ಹುಡುಗಿ ಕೇಳಿದಳು.

“ಹಲ್ಲಿಂದು. ಅದಕ್ಕೆ ನೀವು ಕೊಡಲ್ಲ, ಗೊತ್ತು. ಮಲೇರಿಯಾ ಬಂದ್ರೆ ಕೊಡಿ.”

“ಸರಿ ಮೇಡಂ. ವಿಮೆ ಯಾರ ಹೆಸರಿಗೆ?”

ಕ್ಲೈವ್ ಸೂಜಿ ಅಂಟಿಸಿದ್ದ ಕೈಯನ್ನೆತ್ತಿ ಹೆಂಡತಿಯ ಕಡೆ ಬೆರಳು ತೋರಿಸಿದ. ಬೆವರ್ಲಿ ಆ ಬೆರಳನ್ನು ಹಿಡಿದು ಮಡಿಸಿ ಹಾಸಿಗೆಯ ಮೇಲೆ ಒತ್ತಿಟ್ಟಳು.

“ಕ್ಲೈವ್ ಸಗ್ಡೆನ್,” ಅಂದಳು.

“ಪ್ರತಿ ವರ್ಷ ಅವರೇ ಫೋನ್ ಮಾಡಿ ಮುಂದುವರಿಸ್ಬೇಕಾಗುತ್ತೆ ಮೇಡಂ.”

“ಮಾಡ್ತಾನೆ,” ಅಂದಳು ಬೆವರ್ಲಿ, ಗಂಡನ ಮುಖದಿಂದ ಕಣ್ಣು ಕೀಳದೆ. “ಪ್ರತಿ ವರ್ಷಾನೂ ಅವನೇ ಮಾಡ್ತಾನೆ.”