ಗೈಡ್ ಹೇಳಿದ್ದು

ಪಿಎಚ್‌ಡಿ ಮಾಡುವವರು ತಿಂಗಳಿಗೊಮ್ಮೆ ಗೈಡನ್ನು ಕಂಡು, ಏನು ಮಾತಾಯಿತೆಂದು ಒಂದು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕಗಳನ್ನು ತಪಾಸಣೆ ಮಾಡುವ ಗುಣಮಟ್ಟ ವಿಭಾಗದ ಅಧಿಕಾರಿಣಿಗೆ ಎಲ್ಲರೂ ಇಟ್ಟ ಹೆಸರು ಭೂತಗನ್ನಡಿ. ಕ್ಯಾಂಟೀನಿನಲ್ಲಿ ಆಕೆಯ ಮೇಜಿಗೆ ಯಾರೂ ಬಂದು ಕೂರುತ್ತಿರಲಿಲ್ಲ.

ಇವತ್ತು ಆಕೆಗೊಂದು ಕಳ್ಳಪುಸ್ತಕ ಸಿಕ್ಕಿತು. ಗೈಡ್ ಎರಡು ವರ್ಷದಿಂದ ಪರದೇಶದಲ್ಲಿದ್ದಾರೆ, ಭೇಟಿ ಮಾತ್ರ ಒಂದು ತಿಂಗಳೂ ತಪ್ಪಿಲ್ಲ! ಮೈಯೆಲ್ಲ ಉರಿದು, ಪುಸ್ತಕ ಹಿಡಿದು ದಡದಡನೆ ಮೂರು ಮಹಡಿ ಹತ್ತಿದಳು. ಕಿಟಕಿಯಿಲ್ಲದ ಕೋಣೆಯಲ್ಲಿ ಹುಡುಗಿಯೊಬ್ಬಳೇ ಕೂತಿದ್ದಳು.

“ಇದನ್ನೆಲ್ಲ ಬರೆದಿದ್ದು ಯಾರಮ್ಮಾ?”

“ನಾನೇ ಮೇಡಂ. ಖಾಲಿ ಬಿಟ್ಟಾಗೆಲ್ಲ ನೀವು ವಾಪಸ್ ಕಳಿಸಿದ್ರಿ.”

ಬೈಯಲು ಸಾಕ್ಷಿ ಬೇಕಲ್ಲ, ಭೂತಗನ್ನಡಿ ‘ಗೈಡ್ ಹೇಳಿದ್ದು’ ಎಂಬ ಕಾಲಂ ಗಟ್ಟಿಯಾಗಿ ಓದತೊಡಗಿದಳು. ‘ಮೂರನೇ ಅಧ್ಯಾಯ ಚೆನ್ನಾಗಿ ಬಂದಿದೆ.’ ‘ಜ್ವರ ಬಿಟ್ಟಿತಾ?’ ‘ಅವಸರ ಬೇಡ, ನಾನಿದ್ದೇನೆ.’

ಓದುತ್ತ ಓದುತ್ತ ದನಿ ತಗ್ಗಿತು. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಕೋಪ ಜರ್ರನೆ ಇಳಿದಿತ್ತು. ಈ ತಿಂಗಳ ಭೇಟಿಯ ಎದುರು ಹುಡುಗಿಯ ಅದೇ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು:

‘ಗೈಡ್‌ಗೆ ಇವತ್ತು ಬಿಡುವಿರಲಿಲ್ಲ. ಒಂದು ಗಂಟೆ ಕಾದು ಎದ್ದುಬಂದೆ.’